ಎದೆನೋವಿಗೆಂದು ಹುಟ್ಟಿದ ಗುಳಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಊರು ಯಾವುದೇ ಇರಲಿ, ಬಿಪಿ ಗುಳಿಗೆಯನ್ನು ಗಂಡಸರು ಜೋರಾಗೇ ಕೇಳಿ ತಗೊಳ್ತಾರೆ. ‘ಆ’ ಗುಳಿಗೆ ಅಂದ್ರೆ ಮಾತ್ರ ದನಿ ಇಳಿಯುತ್ತೆ. ಆದ್ರೆ ಇತಿಹಾಸ ನೋಡಿ, ಎರಡೂ ಒಂದೇ ಮನೆಯವು.

ವಯಾಗ್ರ, ಅಂದ್ರೆ ಸಿಲ್ಡೆನಾಫಿಲ್, ಹುಟ್ಟಿದ್ದೇ ರಕ್ತದೊತ್ತಡ, ಎದೆನೋವಿಗೆ ಮದ್ದು ಹುಡುಕುವಾಗ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನ ಫೈಜರ್ ಪ್ರಯೋಗಾಲಯದಲ್ಲಿ. ಎದೆನೋವಿಗೆ ಅದು ಅಷ್ಟಾಗಿ ನಾಟಲಿಲ್ಲ. ಪ್ರಯೋಗಕ್ಕೆ ಬಂದ ಗಂಡಸರು ಹೇಳಿದ ಅಡ್ಡಪರಿಣಾಮವೇ ಮುಖ್ಯವಾಯ್ತು. 1998ರ ಮಾರ್ಚ್ 27ರಂದು ಅಮೆರಿಕ ಅನುಮತಿ ಕೊಟ್ಟಿತು.

ಅಪಾಯ ಇರೋದು ಇಲ್ಲೇ. ಎದೆನೋವಿಗೆ 1879ರಿಂದಲೂ ನೈಟ್ರೇಟ್ ಮದ್ದು ಬಳಕೆಯಲ್ಲಿದೆ. ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಅದೇ ಜಾತಿ. ಎರಡೂ ರಕ್ತನಾಳ ಸಡಿಲಿಸುತ್ತವೆ. ಜೊತೆಗೆ ಸೇರಿದ್ರೆ, ನವಿಲುತೀರ್ಥದ ಗೇಟುಗಳನ್ನೆಲ್ಲ ಒಮ್ಮೆಲೇ ತೆರೆದ ಹಾಗೆ! ಬಿಪಿ ಕುಸಿದು ಜೀವವೇ ಹೋಗಬಹುದು.

ಹಾಗಂತ ಬಿಪಿ ಇದ್ದವರೆಲ್ಲ ಹೆದರಬೇಕಿಲ್ಲ. ಬಿಪಿ ಹತೋಟಿಯಲ್ಲಿದ್ದರೆ ವೈದ್ಯರೇ ಪರೀಕ್ಷಿಸಿ ಬರೆದುಕೊಡಬಹುದು. ಆದ್ರೆ ಮುಚ್ಚಿಡಬೇಡಿ. ಎದೆನೋವೆಂದು ಆಸ್ಪತ್ರೆಗೆ ಹೋದಾಗ, “ರಾತ್ರಿ ಆ ಗುಳಿಗಿ ತಗೊಂಡಿದ್ದೆ ರೀ” ಅನ್ನಿ. ಆ ಒಂದು ಮಾತು ಜೀವ ಉಳಿಸುತ್ತೆ.