ಹಿಮ ಬೀಳೋದು ಅಲ್ಲಿ, ಲೆಕ್ಕ ಇಲ್ಲಿ

ಇವತ್ತಿನ ಸಂಚಿಕೆ ಹಿಮದ ಬಗ್ಗೆ. ಹೌದು, ಗದಗ-ಬೆಟಗೇರಿಯಲ್ಲಿ ಕೂತು ಹಿಮದ ಬಗ್ಗೆ. ನಗಬ್ಯಾಡ್ರಿ, ಹತ್ತು ನಿಮಿಷ ಕೇಳ್ರಿ.

ಪ್ರತಿ ವರ್ಷ ಜನವರಿಯಲ್ಲಿ ನಮ್ಮ ಮೊಬೈಲಿಗೆ ಒಂದು ಸುದ್ದಿ ಬರುತ್ತೆ: ಕಾಶ್ಮೀರ, ಹಿಮಾಚಲದಲ್ಲಿ ಇನ್ನೆರಡು ದಿನ ಭಾರೀ ಹಿಮಪಾತದ ಮುನ್ಸೂಚನೆ. ಒಬ್ಬ ಗ್ರೂಪಿನಲ್ಲಿ ಮನಾಲಿ ಟ್ರಿಪ್ ಪ್ಲ್ಯಾನ್ ಹಾಕ್ತಾನೆ. ಇನ್ನೊಬ್ಬ ಕಪ್ಪತಗುಡ್ಡದ ಮಂಜಿನ ಫೋಟೊ ಹಾಕಿ "ನಮ್ಮ ಸ್ವಿಟ್ಜರ್ಲೆಂಡ್" ಅಂತಾನೆ. ನಾಲ್ಕು ಮಂದಿ ನಗೋ ಇಮೋಜಿ ಒತ್ತುತ್ತಾರೆ. ಅಲ್ಲಿಗೆ ಮುಗೀತು. ನಮ್ಮ ಕಡೆ ಆಕಾಶದಿಂದ ಬೀಳೋ ಮಂಜುಗಡ್ಡೆ ಅಂದರೆ ಬೇಸಿಗೆಯ ಆಲಿಕಲ್ಲು ಮಾತ್ರ. ಹಾಗಾಗಿ ಹಿಮದ ಮುನ್ಸೂಚನೆ ಬೇರೆಯವರ ಮನಿ ಸುದ್ದಿ ಅನ್ನೋ ಹಾಗೆ ಕೇಳ್ತೀವಿ.

ಆದರೆ ಇತಿಹಾಸ ಬೇರೆ ಹೇಳುತ್ತೆ. ಭಾರತದಲ್ಲಿ ಮುಂಗಾರಿನ ಮೊದಲ ಸರ್ಕಾರಿ ಮುನ್ಸೂಚನೆ ಬರೆದದ್ದೇ ಹಿಮ ನೋಡಿ.

1875ಕ್ಕೆ ಹೋಗೋಣ. ಆ ವರ್ಷ ಭಾರತದ ಹವಾಮಾನ ಇಲಾಖೆ ಶುರುವಾಯ್ತು. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್. ಕೆಲಸ ಹಿಡಿದು ಒಂದು ವರ್ಷ ಆಗಿತ್ತಷ್ಟೇ, 1876ರಲ್ಲಿ ಮಳೆ ಕೈಕೊಟ್ಟಿತು. ಧಾತು, ಈಶ್ವರ ಅನ್ನೋ ಎರಡು ಸಂವತ್ಸರಗಳ ಹೆಸರಲ್ಲೇ ಜನ ನೆನಪಿಟ್ಟುಕೊಂಡ ಬರ ಅದು. ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಹಸಿವಿನಿಂದ, ರೋಗದಿಂದ ಸತ್ತರು.

ಆಗ ನಮ್ಮ ಊರುಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿತ್ತು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ ಸೇರಿತ್ತು. ಗಡಿ ಎಷ್ಟೇ ಇರಲಿ, ಮೋಡಕ್ಕೆ ಗಡಿ ಇಲ್ಲ. ಬರ ಮೂರೂ ಸೀಮೆಗೆ ಬಂತು. ಸರ್ಕಾರ ಆಮೇಲೆ ಕಲಿತ ಪಾಠಗಳಲ್ಲಿ ಒಂದು ರೈಲು: ಬರ ಬಂದಾಗ ಧಾನ್ಯ ಸಾಗಿಸೋಕೆ ಅಂತ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗಕ್ಕೆ ಬಂತು. ಇನ್ನೊಂದು ಪಾಠ, ಬರ ಬರೋದು ಮೊದಲೇ ಗೊತ್ತಾದರೆ ಹೇಗೆ ಅನ್ನೋ ಪ್ರಶ್ನೆ. ಅದು ಬ್ಲ್ಯಾನ್‌ಫೋರ್ಡ್ ಟೇಬಲ್ಲಿಗೆ ಬಂತು.

ಅವನ ಹತ್ತಿರ ಉಪಗ್ರಹ ಇಲ್ಲ, ಕಂಪ್ಯೂಟರ್ ಇಲ್ಲ. ಗುಡ್ಡಗಾಡಿನಿಂದ ಬರೋ ಹಿಮದ ವರದಿಗಳಿದ್ದವು. ಅವನ್ನ ಬಯಲುಸೀಮೆಯ ಮಳೆ ಲೆಕ್ಕದ ಪಕ್ಕ ಇಟ್ಟು ನೋಡಿದ. 1884ರಲ್ಲಿ ತನ್ನ ತೀರ್ಮಾನ ಪ್ರಕಟಿಸಿದ: ಹಿಮಾಲಯದಲ್ಲಿ ಚಳಿಗಾಲ, ವಸಂತದಲ್ಲಿ ಹಿಮ ಹೆಚ್ಚಾದ ವರ್ಷ, ಕೆಳಗೆ ಒಣಗಾಳಿ ಬೀಸಿ ಮುಂಗಾರು ಸೊರಗೋ ಸಾಧ್ಯತೆ ಹೆಚ್ಚು. ಎರಡು ವರ್ಷ ಕಳೆದು, 1886ರ ಜೂನ್ 4ರಂದು, ಈ ಲೆಕ್ಕದ ಮೇಲೆ ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆ ಹೊರಬಿತ್ತು.

ಹಿಮಕ್ಕೂ ನಮ್ಮ ಎರಿ ಹೊಲಕ್ಕೂ ಏನು ಸಂಬಂಧ? ನಾನು ಬಿ.ಕಾಂ ಓದಿದವನು, ನನ್ನ ಭಾಷೆಯಲ್ಲೇ ಹೇಳ್ತೀನಿ. ಬೇಸಿಗೆ ಬಿಸಿಲು ಅಂದರೆ ನೆಲಕ್ಕೆ ಬರೋ ಆದಾಯ. ಹಿಮ ಬಿಳಿ, ಬಿಸಿಲಿನ ಒಂದು ದೊಡ್ಡ ಪಾಲನ್ನ ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ಒಳಗೆ ಬಂದ ಪಾಲೂ ಮೊದಲು ಹಿಮ ಕರಗಿಸೋಕೆ, ಒದ್ದೆ ನೆಲ ಒಣಗಿಸೋಕೆ ಖರ್ಚು. ಹಳೇ ಸಾಲ ತೀರಿಸಿದ ಹಾಗೆ. ನೆಲ ಕಾಯೋಕೆ ಉಳಿಯೋದು ಕಡಿಮೆ. ಮುಂಗಾರು ನಡೆಯೋದೇ ನೆಲ ಮತ್ತು ಸಮುದ್ರದ ನಡುವಿನ ಉಷ್ಣತೆಯ ವ್ಯತ್ಯಾಸದ ಮೇಲೆ. ನೆಲ ತಡವಾಗಿ ಕಾದರೆ ಸಮುದ್ರದ ಗಾಳಿಯನ್ನ ಎಳೆಯೋ ಶಕ್ತಿ ಇಳಿಯುತ್ತೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ನಂಬಿ ಹೆಸರು, ಶೇಂಗಾ ಬಿತ್ತೋ ಜಿಲ್ಲೆಗೆ ಇದು ಸಣ್ಣ ವಿಷಯ ಅಲ್ಲ.

ಇದಕ್ಕೂ ಮೊದಲೇ ನಮ್ಮವರಿಗೆ ತಮ್ಮದೇ ಮುನ್ಸೂಚನೆ ಇತ್ತು, ಈಗಲೂ ಇದೆ. ಮುಂಡರಗಿ ಸೀಮೆಯಿಂದ ತುಂಗಭದ್ರೆ ದಾಟಿದರೆ ಹೂವಿನಹಡಗಲಿ ತಾಲೂಕು, ಅಲ್ಲಿ ಮೈಲಾರ. ಭರತ ಹುಣ್ಣಿಮೆ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯುತ್ತಾರೆ. ಆ ಒಂದು ಸಾಲನ್ನ ರೈತ ಮಳೆಗೆ ಹೊಂದಿಸ್ತಾನೆ, ರಾಜಕಾರಣಿ ಕುರ್ಚಿಗೆ ಹೊಂದಿಸ್ತಾನೆ. ತಿಂಗಳು ಗಮನಿಸ್ರಿ: ಭರತ ಹುಣ್ಣಿಮೆ ಬರೋದು ಜನವರಿ-ಫೆಬ್ರವರಿಯಲ್ಲಿ. ಹಿಮಾಲಯದ ಹಿಮ ಅಳೆಯೋದೂ ಅದೇ ಹೊತ್ತಿಗೆ. ಮುಂಗಾರಿನ ಚಿಂತೆ ಎರಡೂ ಕಡೆ ಚಳಿಯಲ್ಲೇ ಶುರುವಾಗುತ್ತೆ.

ಬ್ಲ್ಯಾನ್‌ಫೋರ್ಡ್ ಲೆಕ್ಕ ಯಾವಾಗಲೂ ಸರಿ ಬಂತಾ? ಇಲ್ಲ. 1899ರಲ್ಲಿ ಅವನ ಉತ್ತರಾಧಿಕಾರಿ ಜಾನ್ ಎಲಿಯಟ್ ಒಳ್ಳೆ ಮಳೆ ಅಂದ, ಬಂದದ್ದು ಭೀಕರ ಬರ. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತದವನು. ಬರೀ ಹಿಮ ಸಾಲದು ಅಂತ ಜಗತ್ತಿನ ಬೇರೆ ಬೇರೆ ಕಡೆಯ ಗಾಳಿಯ ಒತ್ತಡದ ಅಂಕಿ ಜೋಡಿಸಿದ. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರದ ನಡುವೆ ಒತ್ತಡ ತಕ್ಕಡಿ ಹಾಗೆ ಏರಿಳಿಯೋದನ್ನ ಕಂಡ. ಇವತ್ತು ನಾವು ಎಲ್ ನಿನೊ ಜೊತೆ ಸೇರಿಸಿ ಮಾತಾಡೋದು ಅದನ್ನೇ.

ಹಾಗಂತ ಹಿಮ ಪಟ್ಟಿಯಿಂದ ಹೊರಗೆ ಹೋಗಲಿಲ್ಲ. ಈಗಲೂ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ಮುಂಗಾರಿನ ಮೊದಲ ಮುನ್ಸೂಚನೆ ಕೊಡುವಾಗ, ಉತ್ತರ ಗೋಲಾರ್ಧದ ಹಿಮದ ಹೊದಿಕೆ ಎಷ್ಟಿತ್ತು ಅಂತ ಹೇಳುತ್ತೆ. ಟಿವಿಯಲ್ಲಿ ಆ ಸಾಲು ಓದೋದೇ ಅಪರೂಪ. 2023 ನೆನಪಿಸಿಕೊಳ್ರಿ. ಆ ಫೆಬ್ರವರಿ, ಮಾರ್ಚ್‌ನಲ್ಲಿ ಹಿಮ ವಾಡಿಕೆಗಿಂತ ಕಡಿಮೆ ಇತ್ತು. ನಮಗೆ ಒಳ್ಳೆ ಶಕುನ. ಆದರೆ ಎಲ್ ನಿನೊ ಎದ್ದಿತು, ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಅಂದರೆ ಹಿಮ ಒಂದು ಸಾಕ್ಷಿ ಮಾತ್ರ, ತೀರ್ಪು ಅಲ್ಲ.

ಇಲ್ಲೀವರೆಗೂ ಹಿಮ ಅಂದರೆ ಅಂಕಿ. ಅದು ನಮ್ಮ ಸೀಮೆಯ ಒಂದು ಮನಿಯನ್ನೇ ಮುಟ್ಟಿದ ವಾರವೂ ಇದೆ.

ಲಕ್ಷ್ಮೇಶ್ವರದ ಪಕ್ಕದ ತಾಲೂಕು ಕುಂದಗೋಳ. ಅಲ್ಲಿ ಬೆಟದೂರು ಅನ್ನೋ ಊರು. ಆ ಊರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2002ರಲ್ಲಿ ಸೇನೆ ಸೇರಿದವರು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮದ ಗೋಡೆಯೇ ಕುಸಿಯಿತು. ಮದ್ರಾಸ್ ರೆಜಿಮೆಂಟಿನ ಹತ್ತು ಸೈನಿಕರು ಅಡಿಗೆ ಸಿಕ್ಕರು. ಅವರಲ್ಲಿ ಕರ್ನಾಟಕದವರೇ ಮೂವರು: ಧಾರವಾಡ, ಹಾಸನ, ಮೈಸೂರು ಜಿಲ್ಲೆಯವರು. ಎಲ್ಲರೂ ಹೋದರು ಅಂತ ಸುದ್ದಿ ಬಂತು. ಆದರೆ ಫೆಬ್ರವರಿ 8ರ ರಾತ್ರಿ, 25 ಅಡಿಗಿಂತ ಹೆಚ್ಚು ಹಿಮದ ಕೆಳಗೆ ಹನುಮಂತಪ್ಪ ಉಸಿರಾಡ್ತಿದ್ದರು.

ಆ ಮೂರು ದಿನ ನಮ್ಮ ಕಡೆ ಗುಡಿಗಳಲ್ಲಿ, ದರ್ಗಾಗಳಲ್ಲಿ ಪ್ರಾರ್ಥನೆ ನಡೆದವು. ಹಿಮ ನೋಡದ ಜನ ಹಿಮದ ಆಳ ಅಡಿ ಲೆಕ್ಕದಲ್ಲಿ ಮಾತಾಡಿದರು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಮರುದಿನ ಬೆಟದೂರಿನ ಮಣ್ಣಲ್ಲಿ ಮಣ್ಣಾದರು.

ಸಿಯಾಚಿನ್ ಕಾರ್ಯಾಚರಣೆ 1984ರ ಏಪ್ರಿಲ್‌ನಲ್ಲಿ ಶುರುವಾದಾಗ ಇಟ್ಟ ಹೆಸರು ಮೇಘದೂತ. ಮಳೆ ಕಾಯೋ ನಮಗೆ ಎಷ್ಟು ಪರಿಚಿತ ಹೆಸರು ನೋಡ್ರಿ. ಅಲ್ಲಿ ಗುಂಡಿಗಿಂತ ಹವಾಮಾನಕ್ಕೇ ಹೆಚ್ಚು ಸೈನಿಕರು ಬಲಿಯಾಗಿದ್ದಾರೆ. ಹಾಗಾಗಿ ಹಿಮಕುಸಿತದ ಮುನ್ಸೂಚನೆಗೆ ಅಂತಲೇ ಡಿಆರ್‌ಡಿಒದ ಒಂದು ಸಂಸ್ಥೆ ಕೆಲಸ ಮಾಡುತ್ತೆ. ಗದಗ, ಧಾರವಾಡ, ಬೆಳಗಾವಿ ಕಡೆಯಿಂದ ಸೇನೆಗೆ ಹೋದ ಮಕ್ಕಳ ಮನಿಯವರು ಅಂಥ ಸುದ್ದಿಯನ್ನ ನಮ್ಮ ಹಾಗೆ ಸ್ಕ್ರೋಲ್ ಮಾಡಿ ಬಿಡಲ್ಲ. ಊರಿನ ಹೆಸರು ಓದ್ತಾರೆ, ಎತ್ತರ ಓದ್ತಾರೆ, ಆಮೇಲೆ ಫೋನ್ ಹಚ್ಚುತ್ತಾರೆ.

ಸೆಖೆ ನಾಡಿನ ನಾವು ಹಿಮದ ಮುನ್ಸೂಚನೆಗೆ ನಗೋದು ತಪ್ಪಲ್ಲ. ಫೋಟೊ ಹಾಕ್ರಿ, ಮನಾಲಿಗೂ ಹೋಗ್ರಿ. ಆದರೆ ಮುಂದಿನ ಸಲ ಆ ನೋಟಿಫಿಕೇಶನ್ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ರಿ. ಆ ಎತ್ತರದಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದಾರಾ? ಮತ್ತು ಏಪ್ರಿಲ್‌ನಲ್ಲಿ ಮುಂಗಾರಿನ ಮುನ್ಸೂಚನೆ ಬಂದಾಗ, ಶೇಕಡಾ ಎಷ್ಟು ಮಳೆ ಅನ್ನೋ ಹೆಡ್‌ಲೈನ್ ಒಂದೇ ಓದದೆ ಎಲ್ ನಿನೊ, ಹಿಂದೂ ಮಹಾಸಾಗರ, ಹಿಮ, ಈ ಮೂರೂ ಸಾಲು ಹುಡುಕಿ ಮನಿಯಲ್ಲಿ ಬಿತ್ತನೆ ಮಾಡೋರಿಗೆ ಓದಿ ಹೇಳ್ತೀರಾ?

ಮುಂದಿನ ವಾರ ಸಿಗೋಣ. ಶರಣು.