ರಾಜಮನೆತನದ ಹಾಡು ಗೋದಲಿಗೆ ಬಂತು

1730ರ ಆಗಸ್ಟ್ 23ರಂದು ಜರ್ಮನಿಯ ಲೈಪ್ಸಿಗ್ ನಗರದ ಸಂಗೀತ ಮೇಷ್ಟ್ರೊಬ್ಬರು ನಗರಸಭೆಗೆ ಅರ್ಜಿ ಬರೆದರು. ಅವರ ಹೆಸರು ಯೊಹಾನ್ ಸೆಬಾಸ್ಟಿಯನ್ ಬಾಖ್. ಸಂತ ಥಾಮಸ್ ಶಾಲೆಯ ಹಾಸ್ಟೆಲ್ ಹುಡುಗರಿಗೆ ಹಾಡು ಕಲಿಸಿ, ಊರಿನ ಚರ್ಚುಗಳಲ್ಲಿ ಹಾಡಿಸುವುದು ಅವರ ಕೆಲಸ. ಹುಡುಗರಿಗೆ ಊಟ, ವಸತಿ, ಓದು ಸಿಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಹಾಡಬೇಕಿತ್ತು.

ಅರ್ಜಿಯ ಕೊನೆಯಲ್ಲಿ ಬಾಖ್ ಲೆಕ್ಕ ಕೊಟ್ಟರು: ಹಾಡಬಲ್ಲವರು 17, ಇನ್ನೂ ಕಲಿಯಬೇಕಾದವರು 20, ಹಾಡು ಒಲಿಯದವರು 17. ವಾದ್ಯ ನುಡಿಸುವವರೂ ಸಾಲದು ಎಂದರು. ಸುಮಾರು ಎರಡು ತಿಂಗಳ ನಂತರ, ಬೇರೆ ಕೆಲಸ ಹುಡುಕಿಕೊಡಿ ಎಂದು ಗೆಳೆಯನಿಗೆ ಕಾಗದವನ್ನೂ ಬರೆದರು. ಆದರೂ ಅಲ್ಲೇ ಉಳಿದರು.

ನಾಲ್ಕು ವರ್ಷದ ನಂತರ, 1734ರಲ್ಲಿ, ಅದೇ ಶಾಲೆಯ ತಂಡಕ್ಕಾಗಿ ಅವರು ‘ಕ್ರಿಸ್‌ಮಸ್ ಒರಟೋರಿಯೊ’ ಸಿದ್ಧಮಾಡಿದರು. ಒರಟೋರಿಯೊ ಎಂದರೆ ವೇಷ, ಅಭಿನಯ ಇಲ್ಲದೆ ಹಾಡಿನಲ್ಲೇ ಹೇಳುವ ದೇವರ ಕಥೆ. ಇದರಲ್ಲಿ ಆರು ಭಾಗ. ಡಿಸೆಂಬರ್ 25, 26, 27, ಜನವರಿ 1, 2 ಮತ್ತು 6, ಹೀಗೆ ಹಬ್ಬದ ಆರು ದಿನ ದಿನಕ್ಕೊಂದು ಭಾಗ. ನಾಲ್ಕು ದಿನವಂತೂ ಬೆಳಿಗ್ಗೆ ಒಂದು ಚರ್ಚಿನಲ್ಲಿ ಹಾಡಿ, ಮಧ್ಯಾಹ್ನ ಇನ್ನೊಂದು ಚರ್ಚಿನಲ್ಲಿ ಮತ್ತೆ ಹಾಡಿದರು.

ಇದರ ಅನೇಕ ಹಾಡುಗಳ ಸಂಗೀತ ಹೊಸದಲ್ಲ. ಸಿನಿಮಾ ಧಾಟಿಗೆ ಭಜನೆ ಕಟ್ಟುವುದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಬಾಖ್ ಕೂಡ ತಮ್ಮದೇ ಹಳೆಯ ಹಾಡುಗಳಿಗೆ ಹೊಸ ಮಾತು ಕೂಡಿಸಿದರು. ಮೊದಲ ದಿನದ ನಗಾರಿ, ಕಹಳೆಗಳ ಹಾಡು 1733ರಲ್ಲಿ ಸ್ಯಾಕ್ಸನಿ ದೊರೆಯ ಪತ್ನಿ ಮರಿಯಾ ಯೋಸೆಫಾ ಅವರ ಹುಟ್ಟುಹಬ್ಬಕ್ಕೆ ಮಾಡಿದ್ದು. ಎರಡನೇ ದಿನದ ಜೋಗುಳದ್ದು ಇನ್ನೂ ವಿಚಿತ್ರ ಕಥೆ. ರಾಜಕುಮಾರನ ಹುಟ್ಟುಹಬ್ಬದ ಹಾಡುಕಥೆಯಲ್ಲಿ, ‘ಸುಖಭೋಗ’ ಎಂಬ ಪಾತ್ರ ವೀರ ಹರ್ಕ್ಯುಲಿಸ್‌ನನ್ನು ದಾರಿ ತಪ್ಪಿಸಲು ಹಾಡಿದ ಹಾಡು ಅದು. ಅದೇ ಧಾಟಿ ಈಗ ಗೋದಲಿಯಲ್ಲಿ ಮಲಗಿದ ಮಗುವನ್ನು ತೂಗಿತು. ರಾಜಮನೆತನದ ಹುಟ್ಟುಹಬ್ಬಗಳನ್ನು ಇಂದು ಯಾರೂ ನೆನೆಯುವುದಿಲ್ಲ. ದನದ ಕೊಟ್ಟಿಗೆಗೆ ಬಂದ ಹಾಡು ಉಳಿಯಿತು.

ಉಳಿಯುವುದೂ ಸುಲಭವಾಗಿರಲಿಲ್ಲ. 1750ರಲ್ಲಿ ಬಾಖ್ ತೀರಿಕೊಂಡರು. ಈ ಕೃತಿ ಮತ್ತೆ ಜನರ ಕಿವಿಗೆ ಬಿದ್ದದ್ದು 1857ರಲ್ಲಿ, ಬರ್ಲಿನ್‌ನಲ್ಲಿ. ಲೈಪ್ಸಿಗ್‌ನ ಆ ಹುಡುಗರ ಗಾಯನ ತಂಡ ಇವತ್ತಿಗೂ ಇದೆ, ಕ್ರಿಸ್‌ಮಸ್ ಕಾಲದಲ್ಲಿ ಇದನ್ನು ಹಾಡುತ್ತದೆ.

ಬಾಖ್ ಎಂದರೆ ಲೋಕ ಮೇಷ್ಟ್ರನ್ನು ನೆನೆಯುತ್ತದೆ. ಹಾಸ್ಟೆಲ್‌ನಲ್ಲಿದ್ದು ಓದಿದ ನಮ್ಮಂಥವರಿಗೆ ‘ಇನ್ನೂ ಕಲಿಯಬೇಕು’ ಎಂಬ ಪಟ್ಟಿಯ ಆ 20 ಹುಡುಗರು ನೆನಪಾಗುತ್ತಾರೆ. ನಾಲ್ಕು ವರ್ಷದ ನಂತರದ ಆ ಹಬ್ಬದಲ್ಲಿ ಅವರಲ್ಲಿ ಕೆಲವರಾದರೂ ಹಾಡಿರಬೇಕು.