ಕಾರಿಲ್ಲದಿದ್ದರೂ ಡಾಕ್ಟರ ದಿನ ತಪ್ಪದಿರಲಿ: ಕಾಸರಗೋಡಿನಿಂದ ಮಂಗಳೂರು ಆಸ್ಪತ್ರೆಗೆ ಹೋಗುವ ದಾರಿ

ಮಂಜೇಶ್ವರ, ಉಪ್ಪಳ, ಕುಂಬಳೆ ಭಾಗದಲ್ಲಿ ಕಾಯಿಲೆ ಸ್ವಲ್ಪ ಜೋರಾದರೆ ಮನೆಯವರ ಬಾಯಲ್ಲಿ ಮೊದಲು ಬರುವ ಮಾತು "ಮಂಗಳೂರಿಗೆ ಕರ್ಕೊಂಡು ಹೋಗುವ" ಎಂಬುದೇ. ಆದರೆ ಕರೆದುಕೊಂಡು ಹೋಗುವವರು ಯಾರು? ಮಗ ಗಲ್ಫ್‌ನಲ್ಲಿ, ಅಳಿಯ ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಉಮ್ಮ ಮತ್ತು ಸೊಸೆ. ಅಂಗಳದಲ್ಲಿ ಕಾರಿದ್ದರೂ ಓಡಿಸುವವರಿಲ್ಲ. ಪ್ರತಿ ಸಲ ಬಾಡಿಗೆ ಕಾರು ಮಾಡುವಷ್ಟು ಹಣ ಎಲ್ಲರ ಕೈಯಲ್ಲೂ ಇರುವುದಿಲ್ಲ. ಹೀಗಾಗಿ "ಮುಂದಿನ ವಾರ ಹೋದರಾಯಿತು" ಎಂದು ಮುಂದೂಡುತ್ತಾ ಬಿಪಿ, ಶುಗರ್, ಕಿಡ್ನಿಯ ತಪಾಸಣೆಗಳು ತಪ್ಪಿಹೋಗುತ್ತವೆ. ಬಸ್ಸು ಮತ್ತು ರೈಲನ್ನು ಸರಿಯಾಗಿ ಹೊಂದಿಸಿಕೊಂಡರೆ ಹೆಚ್ಚಿನ ಭೇಟಿಗಳನ್ನು ತಪ್ಪಿಸಬೇಕಾಗಿಲ್ಲ.

ಮಂಗಳೂರೇ ಯಾಕೆ?

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ವೆನ್‌ಲಾಕ್ ಆಸ್ಪತ್ರೆ 1848ರಿಂದ, ಕಂಕನಾಡಿಯ ಫಾದರ್ ಮುಲ್ಲರ್ 1880ರಿಂದ ಇಲ್ಲಿಯವರಿಗೂ ಊರ ಆಸ್ಪತ್ರೆಗಳೇ ಆಗಿದ್ದವು. ರಾಜ್ಯ ಬೇರೆಯಾದರೂ ಆ ನಡೆ ನಿಲ್ಲಲಿಲ್ಲ. ಗಡಿಯಲ್ಲಿರುವ ತಲಪಾಡಿಯಿಂದ ಮಂಗಳೂರು ಹತ್ತಿರ, ಕೇರಳದ ಇತರ ದೊಡ್ಡ ಆಸ್ಪತ್ರೆಗಳು ದೂರ.

ಮೊದಲು ಬಸ್ಸು-ರೈಲು, ಆಮೇಲೆ ಅಪಾಯಿಂಟ್‌ಮೆಂಟ್

ಹೆಚ್ಚಿನವರು ಮಾಡುವ ತಪ್ಪು ಆಸ್ಪತ್ರೆ ಕೊಟ್ಟ ಸಮಯಕ್ಕೆ ತಲೆಯಾಡಿಸಿ, ಆಮೇಲೆ ವಾಹನ ಹುಡುಕುವುದು. ಫೋನ್ ಮಾಡುವಾಗಲೇ "ನಾವು ರೈಲಿನಲ್ಲಿ ಬರುವವರು, ಹತ್ತೂವರೆ ನಂತರ ಕೊಡಿ" ಎಂದು ಹೇಳಬೇಕು. ಡಾಕ್ಟರು, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಮೂರೂ ಒಂದೇ ದಿನ ಆಗುತ್ತದೆಯೇ ಎಂದು ಕೇಳಬೇಕು. ಇದರಿಂದ ಎರಡು ಸಲ ಹೋಗಿಬರುವುದು ತಪ್ಪುತ್ತದೆ. ಬರಿಹೊಟ್ಟೆಯಲ್ಲಿ ಮಾಡುವ ಪರೀಕ್ಷೆಯಾದರೆ ಊರಿನ ಲ್ಯಾಬ್‌ನಲ್ಲೇ ಮಾಡಿಸಿ ರಿಪೋರ್ಟ್ ತರಬಹುದೇ ಎಂದೂ ವಿಚಾರಿಸಬೇಕು. ಶುಗರ್ ಇರುವ ವೃದ್ಧರು ಖಾಲಿ ಹೊಟ್ಟೆಯಲ್ಲಿ ಬಸ್ಸಿನಲ್ಲಿ ನಿಂತು ಬರುವುದು ಅಪಾಯ.

ರೈಲಿನಲ್ಲಿ

ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್‌ಗೆ ರೈಲಿನಲ್ಲಿ ಸುಮಾರು 46 ಕಿ.ಮೀ. ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಎಲ್ಲ ಎಕ್ಸ್‌ಪ್ರೆಸ್ ರೈಲುಗಳು ನಿಲ್ಲುವುದಿಲ್ಲ. ಪ್ಯಾಸೆಂಜರ್ ಸಮಯವನ್ನು 139ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು.

ಇಳಿಯುವ ಸ್ಟೇಷನ್ ಯಾವುದೆಂಬುದು ಮುಖ್ಯ. ಸೆಂಟ್ರಲ್‌ನಲ್ಲಿ ಇಳಿದರೆ ವೆನ್‌ಲಾಕ್ ಮತ್ತು ಅತ್ತಾವರದ ಕೆಎಂಸಿ ಹತ್ತಿರ. ಲೇಡಿಗೋಶನ್‌ಗೂ ರಿಕ್ಷಾ ಸಾಕು. ಗೋವಾ, ಮುಂಬೈ ಕಡೆ ಹೋಗುವ ನೇತ್ರಾವತಿ, ಮಂಗಳಾದಂತಹ ರೈಲುಗಳು ಸೆಂಟ್ರಲ್‌ಗೆ ಬರುವುದಿಲ್ಲ, ಜಂಕ್ಷನ್‌ನಲ್ಲಿ ನಿಲ್ಲುತ್ತವೆ. ಅಲ್ಲಿಂದ ಪೇಟೆಗೆ ಮತ್ತೆ ರಿಕ್ಷಾ ಬೇಕು. ನಡೆಯಲಾಗದವರಿಗೆ ದೊಡ್ಡ ಸ್ಟೇಷನ್‌ಗಳಲ್ಲಿ ಗಾಲಿಕುರ್ಚಿ ಉಂಟು, ಸ್ಟೇಷನ್ ಮಾಸ್ಟರ್ ಬಳಿ ಕೇಳಬೇಕು.

ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ. ಅಂದರೆ ತಿಂಗಳಿಗೆ ಹನ್ನೆರಡು-ಹದಿಮೂರು ಸಲ ಹೋಗಿಬರಬೇಕು. ಇವರಿಗೆ ತಿಂಗಳ ಸೀಸನ್ ಟಿಕೆಟ್ ಲಾಭ. ಅದು ಯಾವ ರೈಲಿನಲ್ಲಿ ನಡೆಯುತ್ತದೆ ಎಂದು ಕೌಂಟರ್‌ನಲ್ಲೇ ಕೇಳಿಕೊಳ್ಳುವುದು ಒಳ್ಳೆಯದು. ಅದಕ್ಕೂ ಮೊದಲು ಮಂಗಲ್ಪಾಡಿ ತಾಲೂಕು ಆಸ್ಪತ್ರೆ, ಕಾಸರಗೋಡು ಜನರಲ್ ಆಸ್ಪತ್ರೆಗಳಲ್ಲಿ ಡಯಾಲಿಸಿಸ್‌ಗೆ ಜಾಗ ಸಿಗುತ್ತದೆಯೇ ಎಂದು ವಿಚಾರಿಸಬೇಕು. ಸಿಕ್ಕಿದರೆ ಅರ್ಧ ಕಷ್ಟ ಕಡಿಮೆ.

ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ತಿರುವನಂತಪುರದ ಆರ್‌ಸಿಸಿಯಂತಹ ದೂರದ ಕಡೆಗೆ ಹೋಗುವವರಿಗೆ ರೈಲ್ವೆ ರಿಯಾಯಿತಿ ಉಂಟು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು, ಆದರೆ ರೋಗಿಗಳದ್ದು ನಿಲ್ಲಲಿಲ್ಲ. ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ. ಕಿಡ್ನಿ ಕಸಿ, ಡಯಾಲಿಸಿಸ್, ಹೃದಯದ ಶಸ್ತ್ರಚಿಕಿತ್ಸೆ, ಥಲಸೇಮಿಯಾಕ್ಕೆ ಸ್ಲೀಪರ್‌ನಲ್ಲಿ ಶೇ. 75. ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಸಿಗುತ್ತದೆ. ರೈಲ್ವೆಯ ನಮೂನೆಯಲ್ಲಿ ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಟಿಕೆಟ್ ತೆಗೆಯಬೇಕಾದದ್ದು ಕೌಂಟರ್‌ನಲ್ಲಿ.

ಬಸ್ಸಿನಲ್ಲಿ

ಕಾಸರಗೋಡು-ಮಂಗಳೂರು ನಡುವೆ ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ಓಡುತ್ತವೆ. ತಲಪಾಡಿಯಿಂದ ಸ್ಟೇಟ್‌ಬ್ಯಾಂಕ್‌ಗೆ ಖಾಸಗಿ ಸಿಟಿ ಬಸ್ಸುಗಳೂ ಇವೆ. ದೇರಳಕಟ್ಟೆಯ ಯೆನೆಪೋಯ, ಕೆ.ಎಸ್. ಹೆಗ್ಡೆ ಆಸ್ಪತ್ರೆಗೆ ಹೋಗುವವರು ಮಂಗಳೂರು ಪೇಟೆಯವರೆಗೆ ಹೋಗಿ ಹಿಂದೆ ಬರಬೇಕಾಗಿಲ್ಲ. ತೊಕ್ಕೊಟ್ಟಿನಲ್ಲಿ ಇಳಿದು ದೇರಳಕಟ್ಟೆ ಬಸ್ಸು ಹಿಡಿದರೆ ಸಾಕು. ಫಾದರ್ ಮುಲ್ಲರ್‌ಗೆ ಹೋಗುವವರು ಬಸ್ಸು ಪಂಪ್‌ವೆಲ್, ಕಂಕನಾಡಿ ದಾರಿಯಾಗಿ ಹೋಗುತ್ತದೆಯೇ ಎಂದು ಹತ್ತುವ ಮೊದಲೇ ಕಂಡಕ್ಟರ್ ಹತ್ತಿರ ಕೇಳಬೇಕು.

ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಜಾರಿಯಲ್ಲಿದೆ. ಆದರೆ ಅದು ಕರ್ನಾಟಕದ ವಿಳಾಸವಿರುವ ಮಹಿಳೆಯರಿಗೆ ಮಾತ್ರ, ಕಾಸರಗೋಡಿನ ಆಧಾರ್ ಇರುವವರಿಗೆ ಇಲ್ಲ. ಖಾಸಗಿ ಸಿಟಿ ಬಸ್ಸಿನಲ್ಲಿ ಯಾರಿಗೂ ಇಲ್ಲ. ಟಿಕೆಟ್ ಹಣವನ್ನು ಲೆಕ್ಕ ಹಾಕಿಯೇ ಹೊರಡಬೇಕು.

ತಲಪಾಡಿ-ಚೆಂಗಳ ಹೆದ್ದಾರಿ ಆರು ಪಥವಾದ ಮೇಲೆ ಹಳೆಯ ಬಸ್ ನಿಲ್ದಾಣದ ಅಂದಾಜು ನಡೆಯುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಬಸ್ಸು ಎಲ್ಲಿ ನಿಲ್ಲುತ್ತದೆ, ದಾಟಲು ಅಂಡರ್‌ಪಾಸ್ ಎಲ್ಲಿದೆ ಎಂದು ಹಿಂದಿನ ದಿನವೇ ನೋಡಿಟ್ಟರೆ ವೃದ್ಧರು ಹೆದ್ದಾರಿಯಲ್ಲಿ ಪರದಾಡುವುದು ತಪ್ಪುತ್ತದೆ.

ಹೋಗುವುದಕ್ಕಿಂತ ಬರುವುದೇ ಕಷ್ಟ

ಬೆಳಿಗ್ಗೆ ಆರಾಮವಾಗಿ ಹೋದ ರೋಗಿ ಸಂಜೆ ಅದೇ ಸ್ಥಿತಿಯಲ್ಲಿ ಇರುವುದಿಲ್ಲ. ಕಣ್ಣಿಗೆ ಪಾಪೆ ಹಿಗ್ಗಿಸುವ ಔಷಧಿ ಹಾಕಿದರೆ ಕೆಲವು ಗಂಟೆ ದೃಷ್ಟಿ ಮಂಜು. ಮತ್ತು ಬರಿಸುವ ಔಷಧಿ ಕೊಟ್ಟು ಎಂಡೋಸ್ಕೋಪಿ ಮಾಡಿದವರು ಒಬ್ಬರೇ ಹೊರಡಬಾರದು. ಡಯಾಲಿಸಿಸ್ ಆದ ಮೇಲೆ ಬಿಪಿ ಇಳಿದು ತಲೆ ತಿರುಗಬಹುದು. ಇಂತಹ ದಿನ ಜೊತೆಗೊಬ್ಬರು ಬೇಕೇ ಬೇಕು. ಹೋಗುವಾಗ ಬಸ್ಸು, ಬರುವಾಗ ಬಾಡಿಗೆ ಕಾರು ಎಂದು ಮೊದಲೇ ತೀರ್ಮಾನಿಸಿದರೂ ಅರ್ಧ ಖರ್ಚು ಉಳಿಯುತ್ತದೆ. ಒಂದೇ ಮೊಹಲ್ಲಾದ ಇಬ್ಬರು ರೋಗಿಗಳು ಒಂದೇ ದಿನ ಸಮಯ ತೆಗೆದುಕೊಂಡರೆ ಬಾಡಿಗೆ ಹಂಚಿಕೊಳ್ಳಬಹುದು. ಡ್ರೈವಿಂಗ್ ಗೊತ್ತಿರುವ ಯುವಕರ ಹೆಸರು, ಅವರಿಗೆ ಬಿಡುವಿರುವ ದಿನ ಬರೆದಿಟ್ಟ ಒಂದು ಪಟ್ಟಿ ಪ್ರತಿ ಜಮಾಅತ್‌ನಲ್ಲಿದ್ದರೆ ಅದೂ ಸಣ್ಣ ಸೇವೆಯಲ್ಲ.

ತುರ್ತಾದರೆ

ಎದೆನೋವು, ಪಾರ್ಶ್ವವಾಯು, ಹೆರಿಗೆ ನೋವಿಗೆ ಬಸ್ಸು ಕಾಯಬಾರದು. ಎರಡೂ ರಾಜ್ಯಗಳಲ್ಲಿ ಆಂಬ್ಯುಲೆನ್ಸ್ ಸಂಖ್ಯೆ 108. ಗಡಿ ಹತ್ತಿರ ಮೊಬೈಲ್ ಆಚೆ ರಾಜ್ಯದ ಟವರ್ ಹಿಡಿಯಬಹುದು. ಆದ್ದರಿಂದ ಕರೆ ತೆಗೆದ ಕೂಡಲೇ ರಾಜ್ಯ, ಜಿಲ್ಲೆ, ಪಂಚಾಯತ್ ಹೆಸರು ಹೇಳಬೇಕು. ಊರಿನ ಸಂಘಟನೆಗಳ ಆಂಬ್ಯುಲೆನ್ಸ್ ನಂಬರನ್ನು ಗೋಡೆಗೆ ಅಂಟಿಸಿಡಬೇಕು.

ಹಾಸಿಗೆ ಹಿಡಿದವರನ್ನು ಪ್ರತಿ ಸಲ ಎತ್ತಿಕೊಂಡು ಹೋಗಬೇಕೆಂದಿಲ್ಲ. ಕೇರಳದ ಪಂಚಾಯತ್‌ಗಳ ಪಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು.

2020ರ ಪಾಠ

ಲಾಕ್‌ಡೌನ್ ಹೊತ್ತಿನಲ್ಲಿ, 2020ರ ಮಾರ್ಚ್‌ನಲ್ಲಿ, ಗಡಿ ರಸ್ತೆಗಳನ್ನು ಕರ್ನಾಟಕ ಮುಚ್ಚಿತು. ಮಂಗಳೂರಿಗೆ ತಲುಪಲಾಗದೆ ಕಾಸರಗೋಡಿನ ಹಲವು ರೋಗಿಗಳು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆರವುಗೊಳಿಸಲು ಕೇಂದ್ರಕ್ಕೆ ಸೂಚಿಸಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಅದೇ ತಿಂಗಳು ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ಈ ಪಾಠವನ್ನು ಮರೆಯುವಂತಿಲ್ಲ. ಮಂಗಳೂರಿನ ಡಾಕ್ಟರ ಚೀಟಿ, ಔಷಧಿಗಳ ಹೆಸರು, ಹಿಂದಿನ ರಿಪೋರ್ಟ್‌ಗಳ ಪ್ರತಿ ಒಂದೇ ಫೈಲಿನಲ್ಲಿ ಇರಬೇಕು. ದಾರಿ ಮುಚ್ಚಿದರೆ ಹತ್ತಿರದ ಡಾಕ್ಟರು ಅದನ್ನು ನೋಡಿ ಚಿಕಿತ್ಸೆ ಮುಂದುವರಿಸಬಹುದು. ಕೇರಳದ ಆರೋಗ್ಯ ಕಾರ್ಡು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂಬುದನ್ನೂ ಹೊರಡುವ ಮೊದಲೇ ಫೋನ್ ಮಾಡಿ ಕೇಳಬೇಕು.

ನೋಡಲು ಹೋಗುವವರಿಗೆ

ರೋಗಿಯನ್ನು ಸಂದರ್ಶಿಸುವುದು ಸುನ್ನತ್. ಆದರೆ ಜೀಪು ತುಂಬ ಜನ ಹೋಗಿ ವಾರ್ಡಿನಲ್ಲಿ ಕೂರುವುದು ರೋಗಿಗೂ ಪಕ್ಕದ ಹಾಸಿಗೆಯವರಿಗೂ ಹಿಂಸೆ. ಭೇಟಿಯ ಸಮಯ ಕೇಳಿಕೊಂಡು ಇಬ್ಬರು ರೈಲಿನಲ್ಲಿ ಹೋಗಿ, ದುಆ ಮಾಡಿ, ಹತ್ತು ನಿಮಿಷದಲ್ಲಿ ಎದ್ದರೆ ಸಾಕು. ಉಳಿದವರ ಕಾರು ಬಾಡಿಗೆ ಹಣವನ್ನು ರೋಗಿಯ ಮನೆಯವರ ಕೈಗೆ ಕೊಟ್ಟರೆ, ಮುಂದಿನ ವಾರದ ಅವರ ಪ್ರಯಾಣಕ್ಕೆ ಅದೇ ಆಗುತ್ತದೆ.